ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ: ದಿನಸಿ ಅಂಗಡಿಯ ಸರೋಜಮ್ಮನವರ ಪ್ರಕರಣ

‘ಕಿವಿ ಮಿಷನ್ ಒಳ್ಳೆಯದಾ, ಆಪರೇಷನ್ ಒಳ್ಳೆಯದಾ?’ ಎಂದು ಕೇಳುವವರು ಬಹಳ ಜನ. ಅಷ್ಟನ್ನೇ ಕೇಳಿದರೆ ಉತ್ತರ ಹೇಳಲು ಬರುವುದಿಲ್ಲ. ಯಾರ ಕಿವಿ, ಆ ಕಿವಿಯೊಳಗೆ ಏನು ಉಳಿದಿದೆ, ಅವರ ದಿನ ಹೇಗೆ ಕಳೆಯುತ್ತದೆ ಎಂದು ನೋಡಿದ ಮೇಲೆ ಮಾತ್ರ ಹೇಳಬಹುದು. ಹಾಗೆ ನೋಡುತ್ತಾ ಹೋದ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಾನು ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡುವುದು, ಹಿಯರಿಂಗ್ ಏಡ್ (ಕಿವಿ ಮಿಷನ್) ಹೊಂದಿಸುವುದು, ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿಸಿಕೊಂಡವರಿಗೆ ಅದರ ಹೊರಗಿನ ಪ್ರೊಸೆಸರ್ ಹೊಂದಿಸುವುದು ನನ್ನ ಕೆಲಸ. ಶಸ್ತ್ರಚಿಕಿತ್ಸೆ ಇಎನ್‌ಟಿ ಸರ್ಜನ್ ಮಾಡುತ್ತಾರೆ.

ಹೆಸರು ಬದಲಿಸಿದ್ದೇನೆ. ಗುರುತು ಸಿಗದ ಹಾಗೆ ಊರು ಮತ್ತು ಮನೆಯವರ ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ.

ಹಿನ್ನೆಲೆ

ಸರೋಜಮ್ಮ ನಮ್ಮಲ್ಲಿಗೆ ಬಂದಾಗ ಅವರಿಗೆ 57 ವರ್ಷ. ದಕ್ಷಿಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ದಿನಸಿ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ಅವರೇ ನಡೆಸಿಕೊಂಡು ಬಂದಿದ್ದರು. ಮಗ ಜೊತೆಗಿದ್ದಾನೆ. ಮಗಳು ಬೆಂಗಳೂರಿನಲ್ಲಿ.

40ರ ಆಸುಪಾಸಿನಲ್ಲಿ ಎರಡೂ ಕಿವಿ ನಿಧಾನಕ್ಕೆ ಮಂದವಾಗತೊಡಗಿದವು. ಅವರ ತಾಯಿಗೂ ಹಿರಿಯಣ್ಣನಿಗೂ ಹೀಗೇ ಆಗಿತ್ತು. ಹಾಗಾಗಿ ಮನೆಯಲ್ಲಿ ಯಾರಿಗೂ ಅದು ಹೊಸದು ಅನ್ನಿಸಲಿಲ್ಲ. 48ರಲ್ಲಿ ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡರು. ಐದು ವರ್ಷ ಅದರಲ್ಲೇ ಚೆನ್ನಾಗಿ ನಡೆಯಿತು.

53ರಲ್ಲಿ ಒಂದು ದಿನ ಬೆಳಿಗ್ಗೆ ಎದ್ದಾಗ ಬಲಗಿವಿ ಪೂರಾ ಮುಚ್ಚಿಹೋಗಿತ್ತು. ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗುಗ್ಗೆ ಕಟ್ಟಿರಬೇಕು, ಇಲ್ಲವೇ ಶೀತ ಇರಬೇಕು ಎಂದುಕೊಂಡರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡರು. ಮದುವೆ ಸೀಸನ್, ಅಂಗಡಿಯಲ್ಲಿ ವ್ಯಾಪಾರ ಜೋರು. ಇಎನ್‌ಟಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ಕಿವಿ ಹೋದರೆ ಅದು ತುರ್ತು ಪರಿಸ್ಥಿತಿ. ಸಾಮಾನ್ಯವಾಗಿ ಸ್ಟೀರಾಯ್ಡ್ ಚಿಕಿತ್ಸೆ ಕೊಡುತ್ತಾರೆ. ಅದನ್ನು ಮೊದಲ ಕೆಲವು ದಿನಗಳಲ್ಲೇ ಶುರು ಮಾಡಬೇಕು. ಎರಡು ವಾರ ದಾಟಿದರೆ ಉಪಯೋಗ ಬಹಳ ಕಡಿಮೆ. ಚಿಕಿತ್ಸೆ ಕೊಟ್ಟರೂ ಎಲ್ಲರಿಗೂ ಶ್ರವಣ ವಾಪಸ್ ಬರುವುದಿಲ್ಲ, ನಿಜ. ಆದರೆ ಸರೋಜಮ್ಮನವರಿಗೆ ಆ ಅವಕಾಶವೇ ಸಿಗಲಿಲ್ಲ. ಬಲಗಿವಿಯ ಮಿಷನ್ ಬೀರು ಸೇರಿತು.

ಸಮಸ್ಯೆ

ನಮ್ಮಲ್ಲಿಗೆ ಬರುವ ಹೊತ್ತಿಗೆ ಎಡಗಿವಿಯೊಂದರ ಮೇಲೇ ನಾಲ್ಕು ವರ್ಷ ಕಳೆದಿದ್ದರು. ಆ ಕಿವಿಯೂ ಇಳಿಯುತ್ತಾ ಬಂದಿತ್ತು. ಹೋದಲ್ಲೆಲ್ಲ ‘ಇನ್ನೂ ಪವರ್ ಜಾಸ್ತಿ ಇರುವ ಮಿಷನ್ ಹಾಕಿಸಿ’ ಎಂಬ ಸಲಹೆ. ಹಾಗೆ ಹೊಸ ಮಿಷನ್ ಕೊಂಡಿದ್ದರು. ಲಕ್ಷದ ಹತ್ತಿರ ಬಿದ್ದಿತ್ತು.

‘ಸದ್ದೆಲ್ಲಾ ಕೇಳ್ಸುತ್ತೆ ಮೇಡಂ. ಏನಂದ್ರು ಅಂತ ಮಾತ್ರ ಗೊತ್ತಾಗಲ್ಲ’ ಎಂದರು ಸರೋಜಮ್ಮ. ಆಮೇಲೆ ನಾವು ತೆಗೆದುಕೊಂಡ ಎಲ್ಲ ತೀರ್ಮಾನಕ್ಕೂ ಮೂಲ ಈ ಮಾತೇ.

ಅಂಗಡಿಯಲ್ಲಿ ಅದು ಹೀಗೆ ಕಾಣುತ್ತಿತ್ತು. ಗಿರಾಕಿ ‘ಕಾಲು ಕೆಜಿ’ ಎಂದರೆ ಇವರಿಗೆ ‘ನಾಲ್ಕು ಕೆಜಿ’. ಅಕ್ಕಿ ಕೇಳಿದರೆ ಅವಲಕ್ಕಿ ಕಟ್ಟಿಕೊಡುತ್ತಿದ್ದರು. ಯುಪಿಐ ಸೌಂಡ್‌ಬಾಕ್ಸ್ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವುದು ಕೇಳುತ್ತಿತ್ತು, ಎಷ್ಟು ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲ ಫೋನ್ ತೆಗೆದು ನೋಡಬೇಕು. ಹಳೆಯ ಗಿರಾಕಿಗಳು ಹೊಂದಿಕೊಂಡಿದ್ದರು. ಹೊಸಬರು ಮಗನ ಕಡೆ ತಿರುಗಿ ಹೇಳತೊಡಗಿದರು. ಕೊನೆಗೆ ಸರೋಜಮ್ಮ ಗಲ್ಲಾಪೆಟ್ಟಿಗೆ ಬಿಟ್ಟು ಒಳಗಿನ ಗೋಡೌನಿನಲ್ಲಿ ಕೂತು ಪೊಟ್ಟಣ ಕಟ್ಟುವ ಕೆಲಸಕ್ಕೆ ಸರಿದಿದ್ದರು. ಮಗಳು ಫೋನ್ ಮಾಡಿದರೆ ಮಗನ ಕೈಗೆ ಕೊಡುತ್ತಿದ್ದರು. ಇಪ್ಪತ್ತು ವರ್ಷ ಅಂಗಡಿ ನಡೆಸಿದವರು ತಮ್ಮ ಅಂಗಡಿಯಲ್ಲೇ ಹಿಂದಕ್ಕೆ ಸರಿಯುತ್ತಾ ಹೋಗುವುದು ಸಣ್ಣ ವಿಷಯ ಅಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಸದ್ದು ಎಷ್ಟು ಜೋರಾದರೆ ಕಿವಿಗೆ ಕೇಳುತ್ತದೆ ಎಂದು ತೋರಿಸುವ ನಕ್ಷೆ ಆಡಿಯೋಗ್ರಾಂ. ಅಂಕಿ ಏರಿದಷ್ಟೂ ನಷ್ಟ ಜಾಸ್ತಿ. ಅದರಲ್ಲಿ ಎಡಗಿವಿಯ ಸರಾಸರಿ 78 ಡೆಸಿಬಲ್. ತೀವ್ರ ನಷ್ಟ ಎನ್ನುವ ಮಟ್ಟ. ಬಲಗಿವಿಯದು 105, ಅಂದರೆ ಅತಿ ತೀವ್ರ. ಎಲ್ಲರೂ ನೋಡುವುದು ಈ ಗೆರೆಗಳನ್ನು. ಅವರ ಹಳೆಯ ರಿಪೋರ್ಟುಗಳಲ್ಲಿ ಇದ್ದದ್ದೂ ಇಷ್ಟೇ.

ನಾವು ಪದಪರೀಕ್ಷೆಯನ್ನೂ ಮಾಡಿದೆವು. ಕನ್ನಡದ 25 ಪದಗಳ ಪಟ್ಟಿಯನ್ನು ಹೆಡ್‌ಫೋನಿನಲ್ಲಿ ಆರಾಮಾಗಿ ಕೇಳುವಷ್ಟು ಜೋರಾಗಿ ಕೇಳಿಸುತ್ತೇವೆ. ಕೇಳಿಸಿದ್ದನ್ನು ಅವರು ತಿರುಗಿ ಹೇಳಬೇಕು. ತುಟಿ ಕಾಣುವಂತಿಲ್ಲ. ಎಡಗಿವಿಯಲ್ಲಿ 25ಕ್ಕೆ 9 ಸರಿ, ಅಂದರೆ 36%. ಬಲಗಿವಿಯಲ್ಲಿ ಸೊನ್ನೆ.

ಸದ್ದು ಸಾಕಷ್ಟು ಜೋರಾಗಿದ್ದರೂ ಮೂರರಲ್ಲಿ ಎರಡು ಪದ ತಪ್ಪುತ್ತಿದ್ದವು. ಪವರ್ ಏರಿಸಿದರೆ ಇದು ಸರಿಹೋಗುವುದಿಲ್ಲ. ಯಾಕೆ ಎಂದು ಮನೆಯವರಿಗೆ ಬಿಡಿಸಿ ಹೇಳಿದೆವು.

ಒಳಕಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸದ್ದಿನ ಕಂಪನವನ್ನು ನರಕ್ಕೆ ತಿಳಿಯುವ ಸಂಕೇತವಾಗಿ ಬದಲಿಸುವುದು ಅವೇ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಸುರುಳಿಯ ಬುಡದಲ್ಲಿರುವ, ಕೀಚಲು ಸದ್ದುಗಳನ್ನು ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಮಾತಿನಲ್ಲಿ ಆ, ಊ ಮುಂತಾದ ಸ್ವರಗಳಿಗೆ ಬಲ ಜಾಸ್ತಿ, ಅವುಗಳ ಶಕ್ತಿ ತಗ್ಗಿನ, ಅಂದರೆ ದಪ್ಪ ದನಿಯ ಸದ್ದುಗಳಲ್ಲಿದೆ. ಸ, ಶ, ತ, ಟ, ಕ, ಪ ಇವೆಲ್ಲ ಮೆಲು, ಕೀಚಲು ಸದ್ದುಗಳಲ್ಲಿವೆ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಹೆಚ್ಚಾಗಿ ಈ ವ್ಯಂಜನಗಳೇ. ‘ಕಾಲು’ ಮತ್ತು ‘ನಾಲ್ಕು’ ಗೊಂದಲ ಹುಟ್ಟುತ್ತಿದ್ದದ್ದು ಇಲ್ಲೇ. ‘ಆ’ ಮತ್ತು ‘ಉ’ ಕೇಳುತ್ತಿದ್ದವು, ಉಳಿದದ್ದನ್ನು ಅವರು ಊಹಿಸುತ್ತಿದ್ದರು.

ಹಿಯರಿಂಗ್ ಏಡ್ ಸದ್ದನ್ನು ಹಿಗ್ಗಿಸಿ ಉಳಿದಿರುವ ಕೋಶಗಳಿಗೆ ತಲುಪಿಸುತ್ತದೆ. ಕೋಶಗಳು ಸಾಕಷ್ಟು ಉಳಿದಿದ್ದರೆ ಅದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಉಳಿದಿಲ್ಲದಿದ್ದರೆ, ಮಸುಕಾಗಿ ಅಚ್ಚಾದ ಪುಟವನ್ನು ದೊಡ್ಡದು ಮಾಡಿ ಓದಿದ ಹಾಗೆ. ಅಕ್ಷರದ ಜೊತೆ ಮಸುಕೂ ದೊಡ್ಡದಾಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಈ ಕೋಶಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಕಿವಿಯ ಹಿಂದೆ ಹಾಕುವ ಪ್ರೊಸೆಸರ್ ಸದ್ದನ್ನು ಹಿಡಿದು, ತಲೆಯ ಚರ್ಮದ ಒಳಗೆ ಕೂರಿಸಿದ ಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಕಾಕ್ಲಿಯಾದೊಳಗೆ ತೂರಿಸಿದ ಸಣ್ಣ ತಂತಿಗೆ ಹೋಗುತ್ತದೆ. ಆ ತಂತಿಯ ಮೇಲೆ ಕಂಪನಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡುಗಳು, ಅಂದರೆ ಕರೆಂಟ್ ಕೊಡುವ ಸಣ್ಣ ಬಿಂದುಗಳು ಇರುತ್ತವೆ. ಅವು ಶ್ರವಣನರವನ್ನು ನೇರವಾಗಿ ಎಬ್ಬಿಸುತ್ತವೆ.

ಮೊದಲು ಮಿಷನ್ನನ್ನೇ ಸರಿಮಾಡಿದೆವು

ಮಗ ಅವತ್ತೇ ಆಪರೇಷನ್ ದಿನ ಗೊತ್ತುಮಾಡಲು ತಯಾರಾಗಿದ್ದ. ನಾವು ಬೇಡ ಎಂದೆವು. ಇರುವ ಮಿಷನ್ ಸರಿಯಾಗಿ ಕೂತಿದೆಯಾ ಎಂದು ನೋಡದೆ ಅದು ಸೋತಿದೆ ಎನ್ನಲು ಆಗುವುದಿಲ್ಲ.

ನೋಡಿದರೆ ಕೂತಿರಲಿಲ್ಲ. ಮಾರಿದವರು ಅದಕ್ಕೆ ತೆಳು ಟ್ಯೂಬ್ ಮತ್ತು ಮೆತ್ತನೆಯ ರೆಡಿಮೇಡ್ ರಬ್ಬರ್ ಟಿಪ್ ಹಾಕಿದ್ದರು. ಸಣ್ಣ ನಷ್ಟಕ್ಕೆ ಅದು ಆರಾಮ. 78 ಡೆಸಿಬಲ್ ನಷ್ಟಕ್ಕೆ ಸದ್ದೆಲ್ಲ ಪಕ್ಕದಿಂದ ಸೋರಿಹೋಗುತ್ತದೆ, ಮಿಷನ್ ಸಿಳ್ಳೆ ಹಾಕುತ್ತದೆ. ಸಿಳ್ಳೆ ಬರುತ್ತದೆಂದು ಯಾರೋ ಕೀಚಲು ಸದ್ದುಗಳನ್ನು ಪೂರಾ ಇಳಿಸಿದ್ದರು. ಲಕ್ಷ ರೂಪಾಯಿಯ ಮಿಷನ್ ತನ್ನ ಕೆಲಸದ ಅರ್ಧವನ್ನೂ ಮಾಡುತ್ತಿರಲಿಲ್ಲ.

ಕಿವಿಯ ಅಚ್ಚು ತೆಗೆದು, ಅದಕ್ಕೆ ಬಿಗಿಯಾಗಿ ಕೂರುವ ಮೋಲ್ಡ್ ಮಾಡಿಸಿದೆವು. ಕಿವಿಯೊಳಗೆ ಸಣ್ಣ ಮೈಕ್ ಟ್ಯೂಬ್ ಇಟ್ಟು, ಕಿವಿತಮಟೆಯ ಹತ್ತಿರ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದು ಹೊಂದಿಸಿದೆವು. ಇದು ಹತ್ತು ಹದಿನೈದು ನಿಮಿಷದ ಕೆಲಸ, ಆದರೂ ಬಹಳ ಕಡೆ ಮಾಡುವುದಿಲ್ಲ. ಮಿಷನ್ ಕೊಳ್ಳುವವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಗಿರಾಕಿಯ ಕಡೆ ಇಡುವ ಒಂದು ರಿಮೋಟ್ ಮೈಕನ್ನೂ ಪ್ರಯತ್ನಕ್ಕೆ ಕೊಟ್ಟೆವು. ಮೂರು ತಿಂಗಳು ದಿನವಿಡೀ ಹಾಕಿಕೊಳ್ಳಬೇಕು ಎಂದು ಮಾತಾಯಿತು.

ಸಿಳ್ಳೆ ನಿಂತಿತು. ಮನೆಯಲ್ಲಿ ಎದುರಿಗೆ ಕೂತು ಒಬ್ಬರೇ ಮಾತಾಡಿದರೆ ಮೊದಲಿಗಿಂತ ಸುಲಭವಾಯಿತು. ಟಿವಿಯ ಸದ್ದು ಇಳಿಯಿತು. ಮೂರು ತಿಂಗಳ ಮೇಲೆ ಮಿಷನ್ ಹಾಕಿಯೇ ಪದಪರೀಕ್ಷೆ ಮಾಡಿದೆವು. 25ಕ್ಕೆ 11, ಅಂದರೆ 44%. ಹಿಂದಿನಿಂದ ಗದ್ದಲದ ಸದ್ದು ಸೇರಿಸಿದರೆ ಮೂರೇ ಪದ. ಅಂಗಡಿಯಲ್ಲಿ ಗದ್ದಲ ಇಲ್ಲದ ಹೊತ್ತು ಯಾವುದಿದೆ? ರಿಮೋಟ್ ಮೈಕ್ ಗಿರಾಕಿಗಿಂತ ತಕ್ಕಡಿ, ಡಬ್ಬದ ಸದ್ದನ್ನೇ ಜಾಸ್ತಿ ತಂದಿತು.

ಈ ಮೂರು ತಿಂಗಳು ದಂಡವಾಗಲಿಲ್ಲ. ಇನ್ನು ಮಿಷನ್ನಿನ ಕಡೆಯಿಂದ ಆಗುವುದು ಇಷ್ಟೇ ಎಂದು ನಮಗೂ ಅವರಿಗೂ ಖಾತ್ರಿಯಾಯಿತು. ಆಪರೇಷನ್ ಮುಗಿದ ಮೇಲೆ ಕಷ್ಟದ ವಾರಗಳು ಬಂದಾಗ, ‘ಮಿಷನ್ನಲ್ಲೇ ಇರಬಹುದಿತ್ತೇನೋ’ ಎಂಬ ಕೊರಗು ಅವರನ್ನು ಕಾಡಲಿಲ್ಲ.

ಇಂಪ್ಲಾಂಟ್ ಮಾತು ಬಂದಾಗ

2020ರಲ್ಲಿ ಅಮೆರಿಕದ ತಜ್ಞರು ಒಂದು ಸರಳ ಅಳತೆಯನ್ನು ಮುಂದಿಟ್ಟರು. ಚೆನ್ನಾಗಿರುವ ಕಿವಿಯ ಸರಾಸರಿ ನಷ್ಟ 60 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಮಿಷನ್ ಇಲ್ಲದೆ ಪದಪರೀಕ್ಷೆಯಲ್ಲಿ 60% ಅಥವಾ ಅದಕ್ಕಿಂತ ಕಡಿಮೆ ಬಂದರೆ, ಅವರನ್ನು ಇಂಪ್ಲಾಂಟ್ ತಪಾಸಣೆಗೆ ಕಳಿಸಿ ಎಂದು. ಆಪರೇಷನ್ ಮಾಡಿಬಿಡಿ ಎಂದು ಇದರ ಅರ್ಥ ಅಲ್ಲ. ಯಾರನ್ನು ತಪಾಸಣೆಗೆ ಕಳಿಸಬೇಕು ಎಂಬುದಕ್ಕೆ ಇದು ಅಳತೆ. ಸರೋಜಮ್ಮನವರದು 78 ಮತ್ತು 36%. ಅವರು ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ಈ ಗೆರೆ ದಾಟಿದ್ದಿರಬೇಕು. ಪದಪರೀಕ್ಷೆಯನ್ನೇ ಮಾಡದಿದ್ದರೆ ದಾಟಿದ್ದು ತಿಳಿಯುವುದಾದರೂ ಹೇಗೆ?

‘ಅದು ಚಿಕ್ಕ ಮಕ್ಕಳಿಗೆ ಮಾಡೋದಲ್ವಾ?’ ಎಂದು ಅವರು ಕೇಳಿದರು. ನಮ್ಮಲ್ಲಿ ಬಹಳ ಜನ ಹಾಗೇ ತಿಳಿದಿದ್ದಾರೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಸರ್ಕಾರದ ಯೋಜನೆಗಳಿವೆ, ಪತ್ರಿಕೆಯಲ್ಲಿ ಅವರ ಫೋಟೋ ಬರುತ್ತದೆ. ಆದರೆ 1978ರಲ್ಲಿ ಮೆಲ್ಬೋರ್ನಿನಲ್ಲಿ ಗ್ರೇಮ್ ಕ್ಲಾರ್ಕ್ ಅವರ ತಂಡ ಬಹು ಎಲೆಕ್ಟ್ರೋಡಿನ ಇಂಪ್ಲಾಂಟನ್ನು ಮೊದಲು ಹಾಕಿದ್ದು ಅಪಘಾತದಲ್ಲಿ ಕಿವಿ ಕಳೆದುಕೊಂಡ ಒಬ್ಬ ದೊಡ್ಡವರಿಗೆ. ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡವರ ಮಿದುಳಿಗೆ ಭಾಷೆ ಗೊತ್ತಿರುತ್ತದೆ. ಹೊಸ ಸಂಕೇತವನ್ನು ಹಳೆಯ ಮಾತಿಗೆ ಹೊಂದಿಸಿಕೊಂಡರೆ ಆಯಿತು. ವಯಸ್ಸೊಂದೇ ಅಡ್ಡಿಯಲ್ಲ. ಅರಿವಳಿಕೆ ತಡೆಯುವ ಆರೋಗ್ಯ ಇದ್ದರೆ 70, 80ರಲ್ಲೂ ಮಾಡುತ್ತಾರೆ.

ಸರ್ಜನ್ ಸಿಟಿ ಮತ್ತು ಎಂಆರ್‌ಐ ಮಾಡಿಸಿದರು. ಒಂದೇ ಕಿವಿ ಇದ್ದಕ್ಕಿದ್ದಂತೆ ಹೋದಾಗ ಶ್ರವಣನರದ ಹಾದಿಯಲ್ಲಿ ಗಡ್ಡೆ ಇಲ್ಲ ಎಂದು ನೋಡಲೇಬೇಕು. ನಾಲ್ಕು ವರ್ಷದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಅದೃಷ್ಟಕ್ಕೆ ಏನೂ ಇರಲಿಲ್ಲ. ನರವೂ ಚೆನ್ನಾಗಿತ್ತು, ಕಾಕ್ಲಿಯಾದಲ್ಲಿ ಎಲುಬು ತುಂಬಿಕೊಂಡಿರಲಿಲ್ಲ.

ಯಾವ ಕಿವಿಗೆ?

ಬಹಳ ಹೊತ್ತು ಚರ್ಚೆಯಾದದ್ದು ಈ ಪ್ರಶ್ನೆ. ಮಗಳು ಎಡಗಿವಿಗೆ ಎಂದರು. ‘ಅಲ್ಲಿ ಸ್ವಲ್ಪ ಜೀವ ಇದೆ, ಇಂಪ್ಲಾಂಟ್ ಅಲ್ಲೇ ಚೆನ್ನಾಗಿ ಕೆಲಸ ಮಾಡುತ್ತೆ ಅಲ್ವಾ?’ ಈ ಯೋಚನೆಯಲ್ಲಿ ಹುರುಳಿದೆ. ಹತ್ತಾರು ವರ್ಷ ಏನೂ ಕೇಳದ ಕಿವಿಗೆ ಹಾಕಿದರೆ ಫಲ ಕಡಿಮೆ. ನರಕ್ಕೂ ಮಿದುಳಿಗೂ ಆ ಕಡೆಯಿಂದ ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿರುತ್ತದೆ.

ಆದರೆ ಸರೋಜಮ್ಮನವರ ಬಲಗಿವಿ 53ರ ತನಕ ಮಾತು ಕೇಳಿದ ಕಿವಿ. ಮಿಷನ್ ಹಾಕಿಕೊಂಡು ಕೆಲಸ ಮಾಡಿದ ಕಿವಿ. ಪೂರಾ ನಿಶ್ಶಬ್ದವಾಗಿ ನಾಲ್ಕೇ ವರ್ಷ. ಇನ್ನೊಂದು ಕಡೆ, ಆಪರೇಷನ್ನಿನಲ್ಲಿ ತಂತಿ ಒಳಗೆ ಹೋಗುವಾಗ ಆ ಕಿವಿಯಲ್ಲಿ ಉಳಿದಿರುವ ಸಹಜ ಶ್ರವಣ ಹೋಗುವ ಸಂಭವ ಇದೆ. ಎಡಗಿವಿಗೆ ಹಾಕಿ, ಅಂದುಕೊಂಡಷ್ಟು ಆಗದಿದ್ದರೆ, ಅವರಿಗೆ ಎರಡೂ ಕಿವಿ ಇಲ್ಲ. ಬಲಗಿವಿಯಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಎಡಗಿವಿಯ ಮಿಷನ್ ತಗ್ಗಿನ ಸದ್ದುಗಳನ್ನು, ದನಿಯ ಏರಿಳಿತವನ್ನು ಇನ್ನೂ ಚೆನ್ನಾಗಿ ಕೊಡುತ್ತಿತ್ತು. ಇಂಪ್ಲಾಂಟ್ ಸೋಲುವುದು ಅಲ್ಲೇ.

ಹಾಗಾಗಿ ಬಲಗಿವಿಗೆ ಇಂಪ್ಲಾಂಟ್, ಎಡಗಿವಿಯಲ್ಲಿ ಮಿಷನ್ ಎಂದು ತೀರ್ಮಾನವಾಯಿತು. ಇದೇ ಬಲಗಿವಿ ಬಾಲ್ಯದಿಂದ ಕೇಳದೇ ಇದ್ದಿದ್ದರೆ ನಾವು ಬೇರೆ ಮಾತು ಹೇಳುತ್ತಿದ್ದೆವು.

ದುಡ್ಡು, ಭಯ

ಮಕ್ಕಳಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಇಂಪ್ಲಾಂಟಿಗೆ ನೆರವಿದೆ. 57ರ ಸರೋಜಮ್ಮನವರಿಗೆ ಅದು ಸಿಗುವಂತಿರಲಿಲ್ಲ. ಸಾಧನ ಮತ್ತು ಆಪರೇಷನ್ ಸೇರಿ ಹಲವು ಲಕ್ಷ. ಅದು ಮೊದಲ ಖರ್ಚು ಮಾತ್ರ. ಹೊರಗಿನ ಪ್ರೊಸೆಸರನ್ನು ಕೆಲವು ವರ್ಷಗಳ ಮೇಲೆ ಬದಲಿಸಬೇಕಾಗುತ್ತದೆ, ಅದಕ್ಕೂ ಲಕ್ಷಗಳು. ಬ್ಯಾಟರಿ, ಕೇಬಲ್, ಕಾಯಿಲ್ ಬೇರೆ. ಮುಂದಿನ ಹತ್ತು ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟೆವು. ಮಗಳ ಕಂಪನಿಯ ವಿಮೆಯಿಂದ ಒಂದು ಭಾಗ ಬಂತು. ಉಳಿದದ್ದಕ್ಕೆ ಒಡವೆ ಸಾಲ. ದೊಡ್ಡವರ ಇಂಪ್ಲಾಂಟಿಗೆ ಸರ್ಕಾರ ಕೈ ಹಿಡಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ದುಡಿಯುವ ವಯಸ್ಸಿನಲ್ಲಿ ಕಿವಿ ಹೋದವರು ಕೆಲಸವನ್ನೂ ಬಿಡಬೇಕಾಗುತ್ತದೆ, ಆ ನಷ್ಟವನ್ನು ಲೆಕ್ಕ ಹಾಕುವವರಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ದವರನ್ನು ‘ಕಿವುಡರು’ ಎಂದು ಗುರುತಿಸಲಾಗಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದೆವು. ಅವರಿಗೆ ಇದೂ ಗೊತ್ತಿರಲಿಲ್ಲ.

ನೆಂಟರೊಬ್ಬರು ‘ಮಿದುಳಿಗೆ ಕೈ ಹಾಕ್ತಾರಂತೆ’ ಎಂದು ಹೆದರಿಸಿದ್ದರು. ಸರ್ಜನ್ ಚಿತ್ರ ಬರೆದು ತೋರಿಸಿದರು. ಕಿವಿಯ ಹಿಂದಿನ ಎಲುಬನ್ನು ಕೊರೆದು ಕಾಕ್ಲಿಯಾಕ್ಕೆ ದಾರಿ ಮಾಡುತ್ತಾರೆ, ಮಿದುಳಿನೊಳಗೆ ಹೋಗುವುದಿಲ್ಲ. ಮುಖದ ನರ ಹತ್ತಿರದಲ್ಲೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಸಾಧ್ಯ. ಸೋಂಕು, ತಲೆಸುತ್ತು, ನಾಲಿಗೆಯ ರುಚಿ ಬದಲಾಗುವುದು, ಎಲ್ಲವನ್ನೂ ಹೇಳಿದರು. ಮೆದುಳು ಪೊರೆಯ ಉರಿಯೂತದ ಅಪಾಯ ಕಡಿಮೆ ಮಾಡಲು ನ್ಯೂಮೊಕಾಕಲ್ ಲಸಿಕೆಯನ್ನು ಮೊದಲೇ ಹಾಕಿಸಿದರು. ಮುಂದೆ ಎಂಆರ್‌ಐ ಬೇಕಾದರೆ ಯಾವ ಸಾಧನದಲ್ಲಿ ಏನು ಮಾಡಬೇಕು ಎಂಬುದನ್ನೂ ವಿಚಾರಿಸಿ, ಅದನ್ನು ನೋಡಿಯೇ ಮಾದರಿ ಆರಿಸಿದರು.

ಸ್ವಿಚ್ ಆನ್, ಆಮೇಲೆ

ಆಪರೇಷನ್ ಚೆನ್ನಾಗಿ ಆಯಿತು. ಕೆಲವು ದಿನ ತಲೆಸುತ್ತು. ನಾಲಿಗೆಯ ಬಲಗಡೆ ಕಬ್ಬಿಣ ನೆಕ್ಕಿದ ರುಚಿ ಎನ್ನುತ್ತಿದ್ದರು, ಅದು ಹೋಗಲು ತಿಂಗಳುಗಳೇ ಬೇಕಾದವು.

ಮೂರು ವಾರದ ಮೇಲೆ ಪ್ರೊಸೆಸರ್ ಆನ್ ಮಾಡುವ ದಿನ. ಮಗ ಫೋನ್ ಹಿಡಿದು ವಿಡಿಯೋ ಮಾಡಲು ನಿಂತಿದ್ದ. ಮೊಬೈಲಿನಲ್ಲಿ ಅಂಥ ವಿಡಿಯೋಗಳನ್ನು ನೋಡಿದ್ದ. ಆನ್ ಮಾಡಿದ ಕೂಡಲೇ ಜನ ಅಳುತ್ತಾರೆ, ಮಾತೆಲ್ಲಾ ಕೇಳುತ್ತದೆ. ಸರೋಜಮ್ಮ ಅಳಲಿಲ್ಲ. ಮುಖ ಗಂಟಿಕ್ಕಿದರು. ‘ಎಲ್ಲಾರೂ ತಗಡಿನ ಡಬ್ಬದೊಳಗಿಂದ ಕೀಚ್ ಕೀಚ್ ಅಂದಂಗೆ ಕೇಳ್ಸುತ್ತೆ. ಇದಕ್ಕಾ ಇಷ್ಟು ದುಡ್ಡು ಸುರಿದಿದ್ದು?’

ಹೀಗೇ ಇರುತ್ತದೆ ಎಂದು ಮೊದಲೇ ಹೇಳಿದ್ದೆವು. ಸಾವಿರಾರು ಕೋಶಗಳು ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತರಷ್ಟು ಎಲೆಕ್ಟ್ರೋಡುಗಳು ಮಾಡುತ್ತಿವೆ. ಆ ಒರಟು ಸಂಕೇತಕ್ಕೆ ಮಿದುಳು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಹೇಳಿದ್ದು ಕೇಳಿದ್ದರೂ ಸ್ವತಃ ಅನುಭವಿಸುವುದು ಬೇರೆ. ಮುಂದಿನ ಎರಡು ವಾರ ಅವರು ಪ್ರೊಸೆಸರನ್ನು ತೆಗೆದಿಟ್ಟು ಎಡಗಿವಿಯ ಮಿಷನ್ನಿನಲ್ಲೇ ದಿನ ಕಳೆದರು. ಎಷ್ಟು ಹೊತ್ತು ಹಾಕಿಕೊಂಡಿದ್ದರು ಎಂದು ಪ್ರೊಸೆಸರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ದಿನಕ್ಕೆ ಎರಡು ಗಂಟೆಯೂ ಇರಲಿಲ್ಲ.

ಅಲ್ಲಿ ಕೈಬಿಟ್ಟಿದ್ದರೆ ಎಲ್ಲವೂ ವ್ಯರ್ಥವಾಗುತ್ತಿತ್ತು. ಗದರಿಸಿ ಉಪಯೋಗವಿಲ್ಲ. ಮೂವರನ್ನೂ ಕೂರಿಸಿಕೊಂಡು ದಿನದ ಕ್ರಮವನ್ನೇ ಬದಲಿಸಿದೆವು. ಎದ್ದ ಕೂಡಲೇ ಎರಡನ್ನೂ ಹಾಕಿಕೊಳ್ಳುವುದು. ಸಂಜೆ ಅಂಗಡಿ ತಣ್ಣಗಿರುವ ಹೊತ್ತಿನಲ್ಲಿ ಎಡಗಿವಿಯ ಮಿಷನ್ ತೆಗೆದು, ಬರೀ ಇಂಪ್ಲಾಂಟಿನಲ್ಲಿ ಒಂದು ಗಂಟೆ ಅಭ್ಯಾಸ. ಮೊದಲು ಅಂಗಡಿಯ ಪಟ್ಟಿಯಿಂದ ನಾಲ್ಕೇ ಸಾಮಾನು: ಅಕ್ಕಿ, ಸಕ್ಕರೆ, ತೊಗರಿಬೇಳೆ, ಎಣ್ಣೆ. ಮಗ ತುಟಿ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತಾನೆ, ಅವರು ತೋರಿಸಬೇಕು. ಆಮೇಲೆ ಎಂಟು, ಆಮೇಲೆ ಇಡೀ ಅಂಗಡಿ. ಆಮೇಲೆ ತೂಕ, ‘ಕಾಲು’, ‘ಅರ್ಧ’, ‘ನಾಲ್ಕು’. ಕತೆ–ಕತ್ತೆ ಎಂಬಂಥ ಜೋಡಿಗಳು. ಆಮೇಲೆ ಮಗ ಪತ್ರಿಕೆ ಓದುವುದು, ಅವರು ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿಸಿಕೊಳ್ಳುವುದು. ಮಗಳು ರಾತ್ರಿ ಫೋನಿನಲ್ಲಿ ವಾರದ ದಿನಗಳನ್ನು, ಅಂಕಿಗಳನ್ನು ಹೇಳುವುದು.

ಅಂಗಡಿಯ ಮಾತಿನಿಂದ ಶುರು ಮಾಡಿದ್ದೇ ಕೆಲಸ ಮಾಡಿತು ಎಂದು ನಾನು ನಂಬಿದ್ದೇನೆ. ಅಲ್ಲಿ ಅವರಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಇದರ ಜೊತೆಗೆ ನಾವು ಪ್ರೊಸೆಸರಿನ ಮ್ಯಾಪ್ ಬದಲಿಸುತ್ತಾ ಹೋದೆವು. ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಬಲ ಕೊಟ್ಟರೆ ಕೇಳುತ್ತದೆ, ಎಷ್ಟಾದರೆ ಜಾಸ್ತಿಯಾಗುತ್ತದೆ ಎಂದು ಹೊಂದಿಸುವ ಕೆಲಸ ಅದು. ಎಡಗಿವಿಯ ಮಿಷನ್ನನ್ನೂ ಇದಕ್ಕೆ ಸರಿಯಾಗಿ ತಗ್ಗಿಸಿ, ಎರಡೂ ಕಡೆಯ ಸದ್ದು ಒಂದೇ ಜೋರಿಗೆ ಬರುವ ಹಾಗೆ ಮಾಡಿದೆವು.

ಆರನೇ ವಾರದ ಹೊತ್ತಿಗೆ ಮಗನ ದನಿ ‘ಮಗನ ದನಿ’ ಎನ್ನಿಸತೊಡಗಿತು. ಮೂರು ತಿಂಗಳಿಗೆ ಬಲಗಿವಿಯೊಂದರಲ್ಲೇ 25ಕ್ಕೆ 9 ಪದ. ಆರು ತಿಂಗಳಿಗೆ 14. ವರ್ಷಕ್ಕೆ 18, ಅಂದರೆ 72%. ಸೊನ್ನೆ ಇದ್ದ ಕಿವಿ ಅದು. ಎರಡೂ ಸೇರಿದರೆ 21, ಅಂದರೆ 84%. ಎಲ್ಲರಿಗೂ ಇಷ್ಟು ಬರುವುದಿಲ್ಲ. ಕೆಲವರಿಗೆ ಇದಕ್ಕಿಂತ ಬಹಳ ಕಡಿಮೆ ಬರುತ್ತದೆ. ಮೊದಲೇ ಇಷ್ಟೇ ಬರುತ್ತದೆ ಎಂದು ಬರೆದುಕೊಡಲು ಯಾರಿಂದಲೂ ಆಗುವುದಿಲ್ಲ.

ಸರೋಜಮ್ಮ ಗಲ್ಲಾಪೆಟ್ಟಿಗೆಗೆ ವಾಪಸ್ ಬಂದರು. ಸೌಂಡ್‌ಬಾಕ್ಸ್ ಕೂಗಿದರೆ ಈಗ ಫೋನ್ ನೋಡುವುದಿಲ್ಲ.

ಸರಿಹೋಗದೆ ಉಳಿದದ್ದೂ ಇದೆ. ಕಲ್ಯಾಣ ಮಂಟಪದಲ್ಲಿ ವಾಲಗ, ಮೈಕು, ಜನ ಎಲ್ಲ ಸೇರಿದರೆ ಇನ್ನೂ ಕಷ್ಟ. ಗುರುತಿಲ್ಲದವರ ಫೋನ್ ಬಂದರೆ ತಡವರಿಸುತ್ತಾರೆ. ಭಜನೆ ಅವರಿಗೆ ಬಹಳ ಇಷ್ಟ. ಇಂಪ್ಲಾಂಟಿನಲ್ಲಿ ತಾಳ ಚೆನ್ನಾಗಿ ಸಿಗುತ್ತದೆ, ರಾಗ ಸಿಗುವುದಿಲ್ಲ. ಶ್ರುತಿಯ ಸೂಕ್ಷ್ಮ ವ್ಯತ್ಯಾಸ ಹಿಡಿಯಲು ಅಷ್ಟು ಎಲೆಕ್ಟ್ರೋಡು ಸಾಲವು. ಎಡಗಿವಿಯ ಮಿಷನ್ ಸೇರಿದಾಗ ಹಾಡು ಹಾಡಿನಂತೆ ಕೇಳುತ್ತದೆ. ಗೊತ್ತಿರುವ ದೇವರನಾಮವಾದರೆ ಜೊತೆಗೆ ಹಾಡುತ್ತಾರೆ, ಹೊಸದಾದರೆ ಸುಮ್ನೆ ಕೂರುತ್ತಾರೆ.

ಬೇರೆಯವರಿಗೆ ಇದರಿಂದ ಏನು ಸಿಗುತ್ತದೆ

ಹಿಯರಿಂಗ್ ಏಡಿನ ಮುಂದಿನ ಮೆಟ್ಟಿಲು ಇಂಪ್ಲಾಂಟ್ ಎಂದು ಯಾರೂ ತಿಳಿಯಬಾರದು. ಸಣ್ಣ ಅಥವಾ ಮಧ್ಯಮ ನಷ್ಟ ಇದ್ದು ಮಾತು ಸ್ಪಷ್ಟವಾಗಿ ತಿಳಿಯುವವರಿಗೆ ಮಿಷನ್ ಸಾಕು. ದುಡ್ಡಿದೆ ಎಂದು ಇಂಪ್ಲಾಂಟ್ ಹಾಕಿಸಿಕೊಂಡರೆ ಇರುವ ಸಹಜ ಶ್ರವಣವನ್ನೇ ಪಣಕ್ಕಿಟ್ಟ ಹಾಗೆ. ಇನ್ನೊಂದು ಕಡೆ, ಒಳ್ಳೆಯ ಮಿಷನ್ನನ್ನು ಸರಿಯಾಗಿ ಹೊಂದಿಸಿದರೂ ಅರ್ಧದಷ್ಟು ಪದ ತಪ್ಪುತ್ತಿದ್ದರೆ, ಮತ್ತೊಂದು ದುಬಾರಿ ಮಿಷನ್ ಕೊಳ್ಳುವ ಮೊದಲು ಇಂಪ್ಲಾಂಟ್ ಮಾಡುವ ಕೇಂದ್ರವೊಂದರಲ್ಲಿ ತಪಾಸಣೆ ಮಾಡಿಸಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪದಪರೀಕ್ಷೆ, ಮಿಷನ್ ಹೊಂದಿಸುವುದು, ಸಲಹೆ ಎಲ್ಲ ಒಂದೇ ಸೂರಿನಡಿ ಸಿಗುತ್ತದೆ.

ನಿಮ್ಮ ಅಥವಾ ಮನೆಯ ಹಿರಿಯರ ಕಿವಿ ರಿಪೋರ್ಟ್ ಕೈಯಲ್ಲಿದ್ದರೆ ತೆಗೆದು ನೋಡಿ. ಡೆಸಿಬಲ್ ಮಾತ್ರ ಇದೆಯಾ, ಪದಗಳ ಶೇಕಡಾ ಲೆಕ್ಕವೂ ಇದೆಯಾ? ಇಲ್ಲದಿದ್ದರೆ ಕೇಳಿ ಮಾಡಿಸಿ. ಮನೆಮಾತು ಕನ್ನಡವಾದರೆ ಕನ್ನಡದ ಪಟ್ಟಿಯಲ್ಲೇ ಮಾಡಿಸಿ. ಕೇಳದ ಕಿವಿಯನ್ನು ‘ಇನ್ನೊಂದಿದೆಯಲ್ಲ’ ಎಂದು ವರ್ಷಗಟ್ಟಲೆ ಬಿಡಬೇಡಿ. ಸರೋಜಮ್ಮನವರ ಬಲಗಿವಿಗೆ ನಾಲ್ಕು ವರ್ಷದ ಬದಲು ಇಪ್ಪತ್ತು ವರ್ಷ ಆಗಿದ್ದರೆ ನಮ್ಮ ಲೆಕ್ಕಾಚಾರವೇ ಬೇರೆಯಾಗುತ್ತಿತ್ತು.

ಅವರ ಎಡಗಿವಿ ಈಗಲೂ ನಿಧಾನಕ್ಕೆ ಇಳಿಯುತ್ತಿದೆ. ವರ್ಷಕ್ಕೊಮ್ಮೆ ಅಳೆಯುತ್ತಿದ್ದೇವೆ. ಅಲ್ಲಿಗೂ ಇಂಪ್ಲಾಂಟ್ ಹಾಕಿಸಬಹುದಾ ಎಂದು ಮಗಳು ಕೇಳಿದ್ದಾರೆ. ಮಿಷನ್ನಿಂದ ಹಾಡು ಮತ್ತು ದನಿಯ ಏರಿಳಿತ ಸಿಗುತ್ತಿರುವ ತನಕ ಬೇಡ ಎಂದು ಸದ್ಯಕ್ಕೆ ಹೇಳಿದ್ದೇವೆ. ಎರಡೂ ಹಾಕಿದಾಗ ಬರುವ ಅಂಕ ಬರೀ ಇಂಪ್ಲಾಂಟಿನ ಅಂಕಕ್ಕಿಂತ ಜಾಸ್ತಿ ಇರುವುದು ನಿಂತ ದಿನ, ಭಜನೆಯಲ್ಲಿ ಆ ಮಿಷನ್ ಇದ್ದರೂ ಇಲ್ಲದಿದ್ದರೂ ಒಂದೇ ಎಂದು ಅವರಿಗೇ ಅನ್ನಿಸಿದ ದಿನ, ಆ ಮಾತನ್ನು ಮತ್ತೆ ಎತ್ತಿಕೊಳ್ಳುತ್ತೇವೆ. ಒಡವೆ ಸಾಲ ಇನ್ನೂ ತೀರಿಲ್ಲ. ಅದೂ ಈ ತೀರ್ಮಾನದ ಒಂದು ಭಾಗವೇ.